ನಿಯಂತ್ರಣ ಗೋಪುರವಿಲ್ಲದ ವಿಮಾನ ನಿಲ್ದಾಣಗಳಲ್ಲಿ ಉಪಕರಣ ಹಾರಾಟ

ನಿಯಂತ್ರಣ ಗೋಪುರವಿಲ್ಲದ ವಿಮಾನ ನಿಲ್ದಾಣದಿಂದ ಉಪಕರಣ ಹಾರಾಟ ನಿಯಮಗಳ (ಐಎಫ್‌ಆರ್) ಪ್ರಕಾರ ಹೊರಡುವ ಅಥವಾ ಅಲ್ಲಿಗೆ ಬಂದಿಳಿಯುವ ವಿಮಾನಗಳಿಗೆ ವಿಶೇಷ ಕಾರ್ಯವಿಧಾನಗಳಿವೆ. ಮೋಡ ಅಥವಾ ಮಂಜಿನಿಂದ ಹೊರಗಿನ ನೋಟ ಸಾಲದಾದಾಗ ಪೈಲಟ್ ಉಪಕರಣಗಳನ್ನೇ ನೆಚ್ಚಿ ಹಾರಬೇಕಾಗುತ್ತದೆ. ಇಂತಹ ನಿಲ್ದಾಣದಲ್ಲಿ ರನ್‌ವೇಯನ್ನು ಕಣ್ಣಾರೆ ಗಮನಿಸುವ ನಿಯಂತ್ರಕರಿರುವುದಿಲ್ಲ. ದೂರದ ಕೇಂದ್ರವೊಂದು ಇತರ ಐಎಫ್‌ಆರ್ ವಿಮಾನಗಳಿಂದ ಅಂತರ ಕಾಯುತ್ತದೆ. ನೆಲ ಮತ್ತು ಬೆಟ್ಟಗಳಿಂದ ದೂರವಿರುವ ಹೊಣೆ ನಿರ್ಗಮನದ ಮೊದಲ ಹಂತದಲ್ಲಿ ಬಹುತೇಕ ಪೈಲಟ್‌ನದೇ. ಈ ಲೇಖನವು ಅಮೆರಿಕ ಸಂಯುಕ್ತ ಸಂಸ್ಥಾನದ ಪದ್ಧತಿಯನ್ನು ವಿವರಿಸುತ್ತದೆ.

ಹಿನ್ನೆಲೆ

ಅಮೆರಿಕದಲ್ಲಿ ಸಾರ್ವಜನಿಕ ಬಳಕೆಯ ಸುಮಾರು 5,000 ವಿಮಾನ ನಿಲ್ದಾಣಗಳಿದ್ದು, ಅವುಗಳಲ್ಲಿ ಹತ್ತಕ್ಕೆ ಒಂಬತ್ತರಷ್ಟಕ್ಕೆ ಗೋಪುರವಿಲ್ಲ. ಗೋಪುರವಿರುವ ಅನೇಕ ನಿಲ್ದಾಣಗಳಲ್ಲೂ ರಾತ್ರಿ ಅದನ್ನು ಮುಚ್ಚಲಾಗುತ್ತದೆ. ಇಂತಹ ನಿಲ್ದಾಣಗಳ ಸುತ್ತ ಸಾಮಾನ್ಯವಾಗಿ ನೆಲದಿಂದ 700 ಅಥವಾ 1,200 ಅಡಿಗಳವರೆಗೆ ‘ಜಿ’ ವರ್ಗದ ಅನಿಯಂತ್ರಿತ ವಾಯುಪ್ರದೇಶವಿದ್ದು, ಅದರ ಮೇಲೆ ‘ಇ’ ವರ್ಗದ ನಿಯಂತ್ರಿತ ವಾಯುಪ್ರದೇಶ ಆರಂಭವಾಗುತ್ತದೆ. ನಿಯಂತ್ರಿತ ವಾಯುಪ್ರದೇಶದಲ್ಲಿ ಐಎಫ್‌ಆರ್ ಹಾರಾಟ ನಡೆಸಲು ಹಾರಾಟ ಯೋಜನೆ ಸಲ್ಲಿಸಿರಬೇಕು ಮತ್ತು ವಾಯು ಸಂಚಾರ ನಿಯಂತ್ರಣದ ಕ್ಲಿಯರೆನ್ಸ್ ಪಡೆದಿರಬೇಕು.

ನಿರ್ಗಮನ ಕ್ಲಿಯರೆನ್ಸ್

ಪೈಲಟ್ ನೆಲದಿಂದಲೇ ದೂರವಾಣಿ ಅಥವಾ ರೇಡಿಯೊ ಮೂಲಕ ಕ್ಲಿಯರೆನ್ಸ್ ಪಡೆಯುತ್ತಾನೆ. ಅದರಲ್ಲಿ ಮುಖ್ಯವಾಗಿ ಐದು ಅಂಶಗಳಿರುತ್ತವೆ: ಅನುಮತಿಯ ಅಂತಿಮ ತಾಣ, ಮಾರ್ಗ, ಎತ್ತರ, ಸಂಪರ್ಕಿಸಬೇಕಾದ ರೇಡಿಯೊ ಆವರ್ತನ ಮತ್ತು ಟ್ರಾನ್ಸ್‌ಪಾಂಡರ್ ಸಂಕೇತ.

ವಿಮಾನ ಯಾವಾಗ ನೆಲ ಬಿಟ್ಟಿತೆಂಬುದು ದೂರದ ನಿಯಂತ್ರಕನಿಗೆ ಕಾಣದ ಕಾರಣ, ಕ್ಲಿಯರೆನ್ಸ್‌ಗೆ ಸಾಮಾನ್ಯವಾಗಿ ‘ಅಮಾನ್ಯ ಸಮಯ’ವನ್ನು ನಿಗದಿಪಡಿಸಲಾಗುತ್ತದೆ. ಆ ವೇಳೆಗೆ ಮುನ್ನ ವಿಮಾನ ಹೊರಡದಿದ್ದರೆ ಅನುಮತಿ ರದ್ದಾಗುತ್ತದೆ. ಆಗ ಪೈಲಟ್ ತನ್ನ ಉದ್ದೇಶವನ್ನು ಆದಷ್ಟು ಬೇಗ, ಹೆಚ್ಚೆಂದರೆ 30 ನಿಮಿಷಗಳೊಳಗೆ, ತಿಳಿಸಬೇಕು. ಅಲ್ಲಿಯವರೆಗೆ ಆ ನಿಲ್ದಾಣದ ಇತರ ಐಎಫ್‌ಆರ್ ಸಂಚಾರವನ್ನು ತಡೆಹಿಡಿಯಲಾಗುತ್ತದೆ. ರೇಡಾರ್ ನೆಲಮಟ್ಟದವರೆಗೆ ಕಾಣದ ಕಡೆಗಳಲ್ಲಿ ಒಮ್ಮೆಗೆ ಒಂದೇ ವಿಮಾನಕ್ಕೆ ಹೊರಡಲು ಅಥವಾ ಇಳಿಯಲು ಅನುಮತಿ ಸಿಗುವುದರಿಂದ ಕಾಯುವಿಕೆ ದೀರ್ಘವಾಗಬಹುದು.

ಅಡೆತಡೆಗಳಿಂದ ರಕ್ಷಣೆ

ಕ್ಲಿಯರೆನ್ಸ್ ದೊರೆತ ಮಾತ್ರಕ್ಕೆ ಬೆಟ್ಟಗುಡ್ಡಗಳಿಂದ ರಕ್ಷಣೆ ದೊರೆತಂತಲ್ಲ. ಸಾಮಾನ್ಯ ವಿನ್ಯಾಸದ ಪ್ರಕಾರ ವಿಮಾನವು ರನ್‌ವೇಯ ಕೊನೆಯನ್ನು ಕನಿಷ್ಠ 35 ಅಡಿ ಎತ್ತರದಲ್ಲಿ ದಾಟಬೇಕು, ಅಲ್ಲಿಂದ 400 ಅಡಿ ಏರುವ ಮುನ್ನ ತಿರುಗಬಾರದು, ಮತ್ತು ಪ್ರತಿ ನಾಟಿಕಲ್ ಮೈಲಿಗೆ ಕನಿಷ್ಠ 200 ಅಡಿಯಂತೆ ಏರಬೇಕು. ಅಡೆತಡೆಗಳಿಂದಾಗಿ ಇಷ್ಟು ಸಾಲದಿದ್ದರೆ, ಹೆಚ್ಚಿನ ಏರಿಕೆಯನ್ನು ಅಥವಾ ನಿರ್ದಿಷ್ಟ ಮಾರ್ಗವನ್ನು ಸೂಚಿಸುವ ‘ಅಡೆತಡೆ ನಿರ್ಗಮನ ವಿಧಾನ’ ಪ್ರಕಟವಾಗಿರುತ್ತದೆ. ನಿಯಂತ್ರಕನು ಅದನ್ನು ಹೆಸರಿಸದಿದ್ದರೂ ಪೈಲಟ್ ಪರಿಶೀಲಿಸಿ ಅನುಸರಿಸುವುದು ವಿವೇಕದ ಕ್ರಮವಾಗಿದೆ.

ಆಗಮನ

ಇಳಿಯಲು ಬರುವ ವಿಮಾನಕ್ಕೆ ನಿಯಂತ್ರಕನು ಉಪಕರಣ ಸಮೀಪನಕ್ಕೆ ಅನುಮತಿ ನೀಡಿ, ಬಳಿಕ ನಿಲ್ದಾಣದ ಸಾಮಾನ್ಯ ಆವರ್ತನಕ್ಕೆ ಬದಲಾಗಲು ತಿಳಿಸುತ್ತಾನೆ. ಇದು ರನ್‌ವೇ ಖಾಲಿಯಿದೆ ಎಂಬ ಭರವಸೆಯಲ್ಲ. ಪೈಲಟ್ ತನ್ನ ಸ್ಥಾನವನ್ನು ತಾನೇ ಘೋಷಿಸುತ್ತ ಬರಬೇಕು. ಕಣ್ಣಳತೆಯಲ್ಲಿ ಹಾರುವವರಿಗೆ ಉಪಕರಣ ನಕ್ಷೆಯ ಬಿಂದುಗಳ ಹೆಸರು ತಿಳಿಯದಿರಬಹುದಾದ್ದರಿಂದ, ದಿಕ್ಕು ಮತ್ತು ದೂರವನ್ನೂ ಹೇಳಬೇಕು. ಅನೇಕ ನಿಲ್ದಾಣಗಳಲ್ಲಿ ಮೈಕ್‌ನ ಗುಂಡಿಯನ್ನು ಐದು ಸೆಕೆಂಡುಗಳಲ್ಲಿ ಮೂರು, ಐದು ಅಥವಾ ಏಳು ಬಾರಿ ಒತ್ತಿ ರನ್‌ವೇ ದೀಪಗಳನ್ನು ಬೆಳಗಿಸಬಹುದು.

ಗೋಪುರವಿರುವಲ್ಲಿ ಇಳಿದೊಡನೆ ಹಾರಾಟ ಯೋಜನೆ ತಾನಾಗಿ ಮುಕ್ತಾಯವಾಗುತ್ತದೆ. ಇಲ್ಲಿ ಪೈಲಟ್ ಅದನ್ನು ಸ್ವತಃ ರದ್ದುಪಡಿಸಬೇಕು. ಮರೆತರೆ ಮುಂದಿನ ವಿಮಾನಕ್ಕೆ ಅನುಮತಿ ತಡೆಯುತ್ತದೆ. ವಿಮಾನ ಕಾಣೆಯಾಗಿರಬಹುದೆಂದು ಶೋಧವೂ ಆರಂಭವಾಗಬಹುದು.

ಅಪಘಾತಗಳು

ಹವೆ ತಿಳಿಯಾಗಿದ್ದರೆ ದೃಶ್ಯ ಹಾರಾಟ ನಿಯಮಗಳ (ವಿಎಫ್‌ಆರ್) ಪ್ರಕಾರ ಹೊರಟು, ಆಕಾಶದಲ್ಲಿ ಕ್ಲಿಯರೆನ್ಸ್ ಪಡೆಯುವುದಕ್ಕೆ ಅವಕಾಶವಿದೆ. ಆದರೆ ಕ್ಲಿಯರೆನ್ಸ್ ಸಿಗುವವರೆಗೆ ಬೆಟ್ಟಗಳನ್ನು ಕಂಡು ತಪ್ಪಿಸಿಕೊಳ್ಳುವ ಹೊಣೆ ಪೈಲಟ್‌ನದು. ಕತ್ತಲಲ್ಲಿ ಅಥವಾ ತಗ್ಗಿನ ಮೋಡಗಳಡಿ ಈ ಕ್ರಮ ಹಲವು ಬಾರಿ ದುರಂತಕ್ಕೆ ದಾರಿಯಾಗಿದೆ.

1991ರ ಮಾರ್ಚ್ 16ರಂದು ಗಾಯಕಿ ರೀಬಾ ಮ್ಯಾಕೆಂಟೈರ್ ಅವರ ವಾದ್ಯವೃಂದದ ಸದಸ್ಯರಿದ್ದ ಜೆಟ್ ವಿಮಾನವು ಸ್ಯಾನ್ ಡಿಯಾಗೋದ ಬ್ರೌನ್ ಫೀಲ್ಡ್ ನಿಲ್ದಾಣದಿಂದ ರಾತ್ರಿ ಹೀಗೆ ಹೊರಟು ಓಟೈ ಪರ್ವತಕ್ಕೆ ಅಪ್ಪಳಿಸಿತು. ಹತ್ತು ಮಂದಿ ಮೃತಪಟ್ಟರು. ಅದೇ ವರ್ಷ ಡಿಸೆಂಬರ್ 11ರಂದು ಜಾರ್ಜಿಯಾದ ರೋಮ್ ನಗರದಿಂದ ಕ್ಲಿಯರೆನ್ಸ್‌ಗೆ ಕಾಯದೆ ಹೊರಟ ಜೆಟ್ ವಿಮಾನವು ಲ್ಯಾವೆಂಡರ್ ಪರ್ವತಕ್ಕೆ ಬಡಿದು ಒಂಬತ್ತು ಮಂದಿ ಸತ್ತರು. 2004ರ ಅಕ್ಟೋಬರ್ 24ರಂದು ಬ್ರೌನ್ ಫೀಲ್ಡ್‌ನಿಂದ ರಾತ್ರಿ ಹೊರಟ ಲಿಯರ್‌ಜೆಟ್ ಆಂಬ್ಯುಲೆನ್ಸ್ ವಿಮಾನವು ಅದೇ ಓಟೈ ಪರ್ವತಶ್ರೇಣಿಗೆ ಅಪ್ಪಳಿಸಿ ಐವರು ಅಸುನೀಗಿದರು. ಈ ಕೊನೆಯ ಪ್ರಕರಣದಲ್ಲಿ ರಾಷ್ಟ್ರೀಯ ಸಾರಿಗೆ ಸುರಕ್ಷತಾ ಮಂಡಳಿಯು ಪೈಲಟ್‌ಗಳ ನಿರ್ಧಾರದ ಜೊತೆಗೆ ನಿಯಂತ್ರಕನ ಲೋಪಗಳನ್ನೂ ಗುರುತಿಸಿತು.