ಮಳೆ ಹಿಡಿಯೋ ಮುಂಚೆ ಅಂಗಡಿ ಬೋರ್ಡು ಗಟ್ಟಿ ಇದೆಯಾ? ಮಲೆನಾಡಿನ ವ್ಯಾಪಾರಿಗಳು ತಿಳಿದಿರಬೇಕಾದ ಮಾಹಿತಿ

ಸಾಗರ, ಹೊಸನಗರ, ತೀರ್ಥಹಳ್ಳಿ ಕಡೆಯ ಅಂಗಡಿಯವರು ಮಳೆಗಾಲಕ್ಕೆ ಸರಕು ತುಂಬಿಸ್ತಾರೆ, ಹಂಚು ಕೈಯಾಡಿಸ್ತಾರೆ, ಮುಂದೆ ಟಾರ್ಪಾಲು ಕಟ್ಟಿಸ್ತಾರೆ. ತಲೆ ಮೇಲಿರೋ ಬೋರ್ಡು ಮಾತ್ರ ಯಾರ ನೆನಪಿಗೂ ಬರೋದಿಲ್ಲ. ಅದು ನೆನಪಾಗೋದು ಒಂದು ಮೂಲೆ ಕಿತ್ತು ಪಟಪಟ ಬಡಿಯೋಕೆ ಶುರುವಾದ ಮೇಲೆ, ಇಲ್ಲಾಂದ್ರೆ ಕೆಳಗೆ ನಿಲ್ಲಿಸಿದ್ದ ಗಿರಾಕಿಯ ಬೈಕಿನ ಮೇಲೆ ಬಿದ್ದ ಮೇಲೆ.

ಬೋರ್ಡು ಬೀಳೋದು ಜುಲೈನ ಜಡಿಮಳೆಗೆ ಅಂತ ಬಹಳ ಜನ ಅಂದುಕೊಂಡಿದ್ದಾರೆ. ನಿಜವಾದ ಅಪಾಯ ಅದಕ್ಕೂ ಮೊದಲೇ ಇದೆ. ಏಪ್ರಿಲ್ ಕೊನೆಯ ಭರಣಿ ಮಳೆಯಿಂದ ಮೇ ಕೊನೆಯ ರೋಹಿಣಿವರೆಗೆ ಸಂಜೆ ಹೊತ್ತು ಗುಡುಗಿನ ಜೊತೆ ಏಕಾಏಕಿ ನುಗ್ಗುವ ಗಾಳಿ ಇದೆಯಲ್ಲ, ಬೋರ್ಡನ್ನು ಬುಡಸಮೇತ ಅಲ್ಲಾಡಿಸೋದು ಅದು. ಮುಂಬೈನ ಘಾಟ್ಕೋಪರ್‌ನಲ್ಲಿ ಪೆಟ್ರೋಲ್ ಬಂಕ್ ಮೇಲೆ ದೊಡ್ಡ ಜಾಹೀರಾತು ಫಲಕ ಬಿದ್ದು 17 ಜನ ಸತ್ತಿದ್ದು 2024ರ ಮೇ 13ರಂದು. ಮುಂಗಾರು ಇನ್ನೂ ಕೇರಳಕ್ಕೂ ಬಂದಿರಲಿಲ್ಲ. ಅಲ್ಲಿ 40 ಅಡಿಗೆ 40 ಅಡಿವರೆಗೆ ಮಾತ್ರ ಅವಕಾಶ ಇತ್ತು, ನಿಂತಿದ್ದ ಫಲಕ ಹೆಚ್ಚುಕಡಿಮೆ 120 ಅಡಿಗೆ 120 ಅಡಿ. ನಮ್ಮೂರಿನ ಅಂಗಡಿ ಬೋರ್ಡು ಅಷ್ಟು ದೊಡ್ಡದಲ್ಲ ನಿಜ. ಆದ್ರೆ ಗಾಳಿಯ ಲೆಕ್ಕ ಎರಡಕ್ಕೂ ಒಂದೇ.

ಗಾಳಿ ಎಷ್ಟು ತಳ್ಳುತ್ತೆ?

10 ಅಡಿ ಉದ್ದ, 3 ಅಡಿ ಎತ್ತರದ ಸಾಮಾನ್ಯ ಬೋರ್ಡು ತೆಗೆದುಕೊಳ್ಳಿ. ಗಂಟೆಗೆ 30 ಕಿ.ಮೀ. ವೇಗದ ಗಾಳಿ ಎದುರಿನಿಂದ ಬಂದ್ರೆ ಅದರ ಮೇಲೆ ಬೀಳುವ ಒತ್ತಡ ಸುಮಾರು 12 ಕೆ.ಜಿ. ಭಾರದಷ್ಟು. ಗಾಳಿ 60 ಕಿ.ಮೀ.ಗೆ ಏರಿದ್ರೆ ಒತ್ತಡ ಎರಡು ಪಟ್ಟಾಗೋದಿಲ್ಲ, ನಾಲ್ಕು ಪಟ್ಟಾಗುತ್ತೆ. ಅಂದ್ರೆ ಸುಮಾರು 47 ಕೆ.ಜಿ., ಹತ್ತಿರ ಹತ್ತಿರ ಒಂದು ಸಿಮೆಂಟ್ ಚೀಲ ಬಂದು ಗುದ್ದಿದ ಹಾಗೆ. ಅದೂ ಒಂದೇ ಸಲ ಅಲ್ಲ, ತಳ್ಳಿ ಬಿಟ್ಟು ತಳ್ಳಿ ಬಿಟ್ಟು. ಮೊಳೆ, ಸ್ಕ್ರೂ ಸಡಿಲ ಆಗೋದು ಹೀಗೆ. ‘ಹತ್ತು ವರ್ಷದಿಂದ ಏನೂ ಆಗಿಲ್ಲ’ ಅನ್ನೋ ಬೋರ್ಡಿಗೇ ಹೆಚ್ಚು ಭಯಪಡಬೇಕು, ಯಾಕಂದ್ರೆ ಅದು ಹತ್ತು ವರ್ಷದಿಂದ ಸಡಿಲ ಆಗ್ತಾ ಬಂದಿದೆ.

ಗೋಡೆ ಯಾವುದು ನೋಡಿ

ಹೊಸ ಆರ್‌ಸಿಸಿ ಕಟ್ಟಡವಾದ್ರೆ ಆ್ಯಂಕರ್ ಬೋಲ್ಟ್ ಗಟ್ಟಿಯಾಗಿ ಕೂರುತ್ತೆ. ತೊಂದರೆ ಇರೋದು ಹಳೇ ಪೇಟೆ ಬೀದಿಯ ಅಂಗಡಿ ಸಾಲುಗಳಲ್ಲಿ. ಅಲ್ಲಿ ಗೋಡೆ ಜಂಬಿಟ್ಟಿಗೆಯದ್ದು ಅಥವಾ ಮಣ್ಣಿನದ್ದು, ಮೇಲೆ ಸಿಮೆಂಟ್ ಗಾರೆ ಸವರಿರ್ತಾರೆ. ಹೊರಗಿನಿಂದ ನೋಡಿದ್ರೆ ಗಟ್ಟಿ, ಒಳಗೆ ಹಿಡಿತ ಇಲ್ಲ. ಇಂಥ ಕಡೆ ಮರದ ಗೂಟ ಹೊಡೆದು ಸ್ಕ್ರೂ ಬಿಗಿದ್ರೆ ಮೊದಲ ಮಳೆಗೆ ಗೂಟ ನೀರು ಕುಡಿದು ಉಬ್ಬುತ್ತೆ, ಬೇಸಿಗೆಗೆ ಒಣಗಿ ಕುಗ್ಗುತ್ತೆ, ಎರಡನೇ ವರ್ಷ ಕೈಯಲ್ಲಿ ಎಳೆದ್ರೆ ಬರುತ್ತೆ. ಗೋಡೆಯ ಆಚೆ ಬದಿಗೆ ತೂತು ಹಾಯಿಸಿ, ಒಳಗಡೆ ಕಬ್ಬಿಣದ ಪಟ್ಟಿ ಕೊಟ್ಟು ಬೋಲ್ಟ್ ಬಿಗಿಸೋದು ಸರಿಯಾದ ದಾರಿ. ಕಟ್ಟಡದ ಮಾಲೀಕರು ಒಪ್ಪದಿದ್ರೆ ಬೋರ್ಡನ್ನೇ ಚಿಕ್ಕದು ಮಾಡಿ.

ಚೌಕಟ್ಟಿನ ಚೌಕ ಪೈಪುಗಳ ತುದಿ ತೆರೆದಿದ್ರೆ ಒಳಗೆ ನೀರು ನಿಂತು ಒಳಗಿನಿಂದಲೇ ತುಕ್ಕು ಹಿಡಿಯುತ್ತೆ. ಮೇಲೆ ಬಣ್ಣ ಹೊಳೀತಿರುತ್ತೆ, ಒಳಗೆ ಪೈಪು ಕಾಗದದಂತೆ ತೆಳ್ಳಗಾಗಿರುತ್ತೆ. ಬೆರಳ ಗೆಣ್ಣಿನಿಂದ ತಟ್ಟಿ ನೋಡಿ, ವೆಲ್ಡಿಂಗ್ ಇರೋ ಮೂಲೆಗಳನ್ನ ಸ್ಕ್ರೂಡ್ರೈವರ್ ತುದಿಯಿಂದ ಕೆರೆದು ನೋಡಿ. ಪುಡಿ ಉದುರಿದ್ರೆ ವೆಲ್ಡಿಂಗ್ ಶಾಪಿನವರನ್ನ ಕರೆಸಲೇಬೇಕು. ಪೈಪಿನ ಮೇಲಿನ ತುದಿ ಮುಚ್ಚಿಸಿ, ಕೆಳಗಡೆ ನೀರು ಇಳಿಯೋಕೆ ಸಣ್ಣ ತೂತು ಬಿಡಿಸಿ, ಬಣ್ಣಕ್ಕೆ ಮುಂಚೆ ರೆಡ್ ಆಕ್ಸೈಡ್ ಹೊಡೆಸಿ.

ಫ್ಲೆಕ್ಸಾ, ತಗಡಾ, ಎಸಿಪಿನಾ?

ಅಗ್ಗ ಅಂತ ಎಲ್ಲರೂ ಫ್ಲೆಕ್ಸ್ ಹಾಕಿಸ್ತಾರೆ. ಚೌಕಟ್ಟಿಗೆ ಬಿಗಿಯಾಗಿ ಎಳೆದು ಸುತ್ತ ಹೊಡೆದಿದ್ರೆ ಒಂದು ಮಟ್ಟಕ್ಕೆ ತಡೆಯುತ್ತೆ. ನಡುವೆ ಸಡಿಲ ಇದ್ರೆ ದೋಣಿಯ ಹಾಯಿ ತರ ಗಾಳಿ ತುಂಬಿಕೊಂಡು ಚೌಕಟ್ಟನ್ನೂ ಎಳೆದು ತರುತ್ತೆ. ಇನ್ನೊಂದು ವಿಷಯ: ರಾಜ್ಯ ಸರ್ಕಾರ 2016ರಲ್ಲಿ ಹೊರಡಿಸಿದ ಪ್ಲಾಸ್ಟಿಕ್ ನಿಷೇಧದ ಪಟ್ಟಿಯಲ್ಲಿ ಫ್ಲೆಕ್ಸ್, ಬ್ಯಾನರ್ ಕೂಡ ಸೇರಿವೆ. ಊರ ತುಂಬ ಹುಟ್ಟುಹಬ್ಬದ ಫ್ಲೆಕ್ಸ್ ನೇತಾಡ್ತಿವೆ, ಅಂಗಡಿಯವನಿಗೆ ಮಾತ್ರ ನೋಟಿಸಾ ಅಂತ ಕೇಳೋದರಲ್ಲಿ ನ್ಯಾಯ ಇದೆ. ಹಂಗಂತ ದಂಡ ಕಟ್ಟೋದು ತಪ್ಪಲ್ಲ.

ಎಸಿಪಿ ಶೀಟಿನ ಬೋರ್ಡು ಮಳೆಗೆ ಜಗ್ಗೋದಿಲ್ಲ, ಆದ್ರೆ ದುಬಾರಿ. ಅಂಚಿನ ಸಿಲಿಕಾನ್ ಬಿಟ್ಟುಕೊಂಡಿದ್ರೆ ಹಿಂದೆ ನೀರು ಸೇರುತ್ತೆ, ಮೇ ತಿಂಗಳಲ್ಲೇ ನೋಡಿಸಿ. ತಗಡಿನ ಮೇಲೆ ಕೈಯಲ್ಲಿ ಬರೆಸಿದ ಹಳೇ ಕಾಲದ ಬೋರ್ಡು ಇದೆಯಲ್ಲ, ಮಲೆನಾಡಿನ ಮಳೆಗೆ ಅದನ್ನ ಮೀರಿಸಿದ್ದು ಕಡಿಮೆ. ಪಾಚಿ ಕಟ್ಟಿದ್ರೂ ಒರೆಸಿದ್ರೆ ಅಕ್ಷರ ಕಾಣುತ್ತೆ, ಕರೆಂಟೂ ಬೇಡ. ಬರೆಯುವವರು ಸಿಗೋದು ಕಷ್ಟ ಅನ್ನೋದೊಂದೇ ಕೊರತೆ.

ಹೊಸ ಬೋರ್ಡು ಮಾಡ್ಸೋರು ಒಂದು ನೆನಪಿಡಿ. 2024ರ ತಿದ್ದುಪಡಿಯಂತೆ ನಾಮಫಲಕದಲ್ಲಿ ಶೇ. 60ರಷ್ಟು ಕನ್ನಡ ಇರಬೇಕು, ಅದು ಮೇಲ್ಭಾಗದಲ್ಲೇ ಇರಬೇಕು. ಮಳೆಗಾಲಕ್ಕೆ ಅಂತ ಖರ್ಚು ಮಾಡಿ, ಆಮೇಲೆ ಇದಕ್ಕೆ ಇನ್ನೊಮ್ಮೆ ಖರ್ಚು ಮಾಡೋ ಹಾಗೆ ಆಗಬಾರದು.

ಕರೆಂಟು: ಇಲ್ಲಿ ಉಳಿತಾಯ ಬೇಡ

ಎಲ್‌ಇಡಿ ಬೋರ್ಡಿನ ದೀಪಗಳು ನೀರು ತಡೆಯುವಂಥವೇ ಇರಬಹುದು. ಅದಕ್ಕೆ ಕರೆಂಟ್ ಕೊಡುವ ಸಪ್ಲೈ ಡಬ್ಬಿ ಬಹಳ ಸಲ ಹಾಗಿರೋದಿಲ್ಲ. ಅದನ್ನ ಬೋರ್ಡಿನ ಹಿಂದೆ ಸಿಕ್ಕಿಸದೆ ಅಂಗಡಿ ಒಳಗೆ ತನ್ನಿ. ವೈರು ಗೋಡೆ ಒಳಗೆ ಹೋಗೋ ಮುಂಚೆ ಒಂದು ಗೇಣು ಕೆಳಗಿಳಿದು ಮತ್ತೆ ಮೇಲೆ ಹತ್ತುವಂತೆ ಬಿಡಿಸಿ. ವೈರಿನ ಮೇಲೆ ಹರಿದು ಬಂದ ನೀರು ಆ ತಗ್ಗಿನಲ್ಲೇ ತೊಟ್ಟಿಕ್ಕುತ್ತೆ, ಒಳಗೆ ಬರೋದಿಲ್ಲ. ಬೋರ್ಡಿನ ಲೈನಿಗೆ 30 ಮಿಲಿ ಆಂಪಿಯರಿನ ಆರ್‌ಸಿಸಿಬಿ ಹಾಕಿಸಿ, ಕಬ್ಬಿಣದ ಚೌಕಟ್ಟಿಗೆ ಅರ್ಥಿಂಗ್ ಕೊಡಿಸಿ. ಬರೀ ಎಂಸಿಬಿ ಇದ್ರೆ ಸಾಕು ಅನ್ನೋರಿದ್ದಾರೆ. ಎಂಸಿಬಿ ವೈರು ಸುಡದ ಹಾಗೆ ನೋಡಿಕೊಳ್ಳುತ್ತೆ. ಮಳೆಯಲ್ಲಿ ನೆನೆದು ಶಟರ್ ಹಿಡ್ಕೊಂಡು ನಿಂತ ಮನುಷ್ಯನಿಗೆ ಶಾಕ್ ಹೊಡೆದ್ರೆ ಕರೆಂಟ್ ಕಡಿಯೋ ಕೆಲಸ ಆರ್‌ಸಿಸಿಬಿಯದ್ದು.

ಕರೆಂಟ್ ಕಂಬಕ್ಕೆ ಬೋರ್ಡು, ಬ್ಯಾನರ್ ಹಗ್ಗ ಕಟ್ಟಲೇಬೇಡಿ. ಬೋರ್ಡಿನ ಮೇಲೆ ತಂತಿ ಹರಿದು ಬಿದ್ರೆ ಕೋಲಿನಿಂದ ಎತ್ತೋಕೆ ಹೋಗದೆ, ಜನರನ್ನ ದೂರ ನಿಲ್ಲಿಸಿ, ಮೆಸ್ಕಾಂ ಸಹಾಯವಾಣಿ 1912ಕ್ಕೆ ಫೋನ್ ಮಾಡಿ.

ಟಾರ್ಪಾಲಿನ ಹಿಂದೆ ಅಂಗಡಿ ಮಾಯ

ಆರಿದ್ರಾ ಮಳೆ ಶುರುವಾದ ಮೇಲೆ ಎರಚಲು ತಡೆಯೋಕೆ ಎಲ್ಲರೂ ನೀಲಿ ಟಾರ್ಪಾಲು ಇಳಿಬಿಡ್ತಾರೆ. ಅಲ್ಲಿಗೆ ಹತ್ತಾರು ಸಾವಿರದ ಬೋರ್ಡು ಅದರ ಹಿಂದೆ ಹೋಯ್ತು. ಬಸ್ ಇಳಿದು ಕೊಡೆ ಬಿಚ್ಚಿದ ಹಳ್ಳಿಯವರಿಗೆ ಇಡೀ ಬೀದಿ ಒಂದೇ ತರ ಕಾಣುತ್ತೆ, ಬಾಗಿಲು ಹಾಕಿದಾರೆ ಅಂದ್ಕೊಂಡು ಮುಂದೆ ಹೋಗ್ತಾರೆ. ಮಳೆಗಾಲದಲ್ಲಿ ವ್ಯಾಪಾರ ಇಲ್ಲ ಅನ್ನೋರು ಒಮ್ಮೆ ರಸ್ತೆ ಆಚೆ ಬದಿ ನಿಂತು ತಮ್ಮ ಅಂಗಡಿ ನೋಡಬೇಕು.

ಟಾರ್ಪಾಲಿನ ಮೇಲೇ ಅಂಗಡಿ ಹೆಸರು, ಏನು ಸಿಗುತ್ತೆ ಅನ್ನೋದನ್ನ ಆಯಿಲ್ ಪೇಂಟಿನಲ್ಲಿ ದಪ್ಪಕ್ಷರದಲ್ಲಿ ಬರೆಸಿ. ಕೊಡೆ ಹಿಡಿದವರ ಕಣ್ಣು ಕೆಳಗೇ ಇರುತ್ತೆ, ಹಾಗಾಗಿ ಎದೆ ಎತ್ತರದಲ್ಲಿ ‘ತೆರೆದಿದೆ’ ಅಂತ ಒಂದು ಸಣ್ಣ ತಗಡು ತೂಗುಹಾಕಿ. ಕಂಪ್ಯೂಟರಿನಲ್ಲಿ ಪ್ರಿಂಟ್ ತೆಗೆದ ಕಾಗದ ಅಂಟಿಸೋದಾದ್ರೆ ಲೇಸರ್ ಪ್ರಿಂಟ್ ಕೇಳಿ, ಇಂಕ್‌ಜೆಟ್ ಶಾಯಿ ಮೊದಲ ಎರಚಲಿಗೇ ಹರಿಯುತ್ತೆ. ಲ್ಯಾಮಿನೇಟ್ ಮಾಡಿಸಿದ ಮೇಲೆ ಅಂಚು ಕತ್ತರಿಸಬೇಡಿ, ನೀರು ಒಳಗೆ ಹೋಗೋದು ಅಲ್ಲಿಂದಲೇ.

ಕ್ಯೂಆರ್ ಕೋಡ್ ಸ್ಟಿಕ್ಕರ್ ಹೊರಗಿನಿಂದ ಒಳಗೆ ತನ್ನಿ. ನೆನೆದು ಸುಕ್ಕಾದ್ರೆ ಸ್ಕ್ಯಾನ್ ಆಗೋದಿಲ್ಲ. ಅದೂ ಅಲ್ಲದೆ ಹೊರಗಿನ ಕೋಡ್ ಮೇಲೆ ತಮ್ಮ ಕೋಡ್ ಅಂಟಿಸಿ ಹೋಗೋ ಕಳ್ಳರೂ ಇದ್ದಾರೆ. ಕರೆಂಟ್ ಹೋಗಿ ಟವರ್ ಸತ್ತ ದಿನ ಯುಪಿಐ ನಡೆಯೋದಿಲ್ಲ, ಗಲ್ಲಾದಲ್ಲಿ ಚಿಲ್ಲರೆ ಇರಲಿ.

ಏನು, ಯಾವಾಗ ಹೇಳಬೇಕು

ಮಲೆನಾಡಿನ ಗಿರಾಕಿ ಮಳೆ ನಕ್ಷತ್ರ ನೋಡಿಕೊಂಡೇ ಪೇಟೆಗೆ ಬರ್ತಾರೆ. ಅಡಿಕೆಗೆ ಔಷಧಿ ಹೊಡೆಯೋರು ಮೈಲುತುತ್ತು, ಸುಣ್ಣ ಕೊಳ್ಳೋದು ಮಳೆ ಬಲಿಯೋ ಮುಂಚೆ. ಆಮೇಲೆ ಎರಡನೇ ಸಲದ ಸಿಂಪಡಣೆಗೆ ನಲವತ್ತು, ನಲವತ್ತೈದು ದಿನ ಬಿಟ್ಟು ಮತ್ತೆ ಬರ್ತಾರೆ. ಟಾರ್ಪಾಲು, ರೇನ್‌ಕೋಟ್, ಗಮ್‌ಬೂಟಿನ ಸುದ್ದಿ ಮೃಗಶಿರಾ ಹುಟ್ಟುವ ಜೂನ್ 8ರ ಮುಂಚೆ ಊರಿಗೆ ಮುಟ್ಟಬೇಕು. ಪುಷ್ಯ ಮಳೆಯಲ್ಲಿ ಹಂಚಿದ ಪಾಂಪ್ಲೆಟ್ ಪೇಪರ್ ಜೊತೆ ಮುದ್ದೆಯಾಗಿ ಮನೆ ಸೇರುತ್ತೆ, ಆ ದುಡ್ಡು ಗೌರಿ ಗಣೇಶ ಹಬ್ಬಕ್ಕೆ ಉಳಿಸಿಕೊಳ್ಳಿ.

ಹವಾಮಾನ ಇಲಾಖೆಯ ಎಚ್ಚರಿಕೆ ದಿನಾ ನೋಡಿ. 24 ಗಂಟೆಯಲ್ಲಿ 64.5 ಮಿ.ಮೀ. ದಾಟಿದ್ರೆ ಭಾರಿ ಮಳೆ, 115.6 ದಾಟಿದ್ರೆ ಅತಿ ಭಾರಿ, 204.4 ಮೀರಿದ್ರೆ ಅದಕ್ಕೂ ಮೇಲಿನದ್ದು. ಆರೆಂಜ್ ಅಂದ್ರೆ ಸಿದ್ಧವಾಗಿರಿ ಅಂತ: ಫುಟ್‌ಪಾತಿನ ಸ್ಟ್ಯಾಂಡ್ ಬೋರ್ಡು, ಬ್ಯಾನರ್ ಒಳಗೆ ಬರಬೇಕು. ರೆಡ್ ಇದ್ದ ದಿನ ಶಾಲೆಗೆ ರಜೆ ಕೊಟ್ಟಾಗ ಪೇಟೆ ಖಾಲಿ ಹೊಡೆಯುತ್ತೆ. ಬಾಗಿಲು ಬೇಗ ಹಾಕೋದಾದ್ರೆ ವಾಟ್ಸಾಪ್ ಸ್ಟೇಟಸ್ಸಿನಲ್ಲಿ ಬೆಳಗ್ಗೆಯೇ ಹಾಕಿ, ಗೂಗಲ್ ಮ್ಯಾಪಿನಲ್ಲಿ ಅಂಗಡಿ ಇದ್ರೆ ಅಲ್ಲೂ ಸಮಯ ಬದಲಿಸಿ. ಹತ್ತು ಕಿಲೋಮೀಟರ್ ನೆನೆದುಕೊಂಡು ಬಂದು ಮುಚ್ಚಿದ ಬಾಗಿಲು ನೋಡಿದ ಗಿರಾಕಿ ಮುಂದಿನ ಸಲ ಬೇರೆ ಅಂಗಡಿಗೆ ಹೋಗ್ತಾರೆ.

ಅಂಗಡಿಗೆ ವಿಮೆ ಇದ್ದವರು ಪಾಲಿಸಿ ತೆಗೆದು ನೋಡಿ. ಗ್ಲೋ ಸೈನ್ ಬೋರ್ಡಿಗೆ, ಬೋರ್ಡು ಬಿದ್ದು ಬೇರೆಯವರಿಗೆ ಆದ ಹಾನಿಗೆ ಹಲವು ಪಾಲಿಸಿಗಳಲ್ಲಿ ಪ್ರತ್ಯೇಕ ಭಾಗ ಇರುತ್ತೆ, ಅದಕ್ಕೆ ಬೇರೆ ಪ್ರೀಮಿಯಂ ಕಟ್ಟಿರಬೇಕು. ಬೋರ್ಡು ಚೆನ್ನಾಗಿರುವಾಗಲೇ ನಾಲ್ಕು ಕಡೆಯಿಂದ ಫೋಟೊ ತೆಗೆದಿಟ್ಟುಕೊಳ್ಳಿ, ಮಾಡಿಸಿದ ಬಿಲ್ಲನ್ನೂ ಜೊತೆಗಿಡಿ.