ಚರ್ಮದಡಿಯ ಚುಚ್ಚುಮದ್ದಿನ ಸಾಧನಗಳು

ಚರ್ಮಕ್ಕೂ ಸ್ನಾಯುವಿಗೂ ನಡುವಣ ಮೇದಸ್ಸಿನ ಪದರಕ್ಕೆ ಔಷಧವನ್ನು ಸೇರಿಸುವ ಸಿರಿಂಜು, ಪೆನ್ನು ಮೊದಲಾದವು ಈ ವರ್ಗಕ್ಕೆ ಸೇರುತ್ತವೆ. ಈ ಪದರದಲ್ಲಿ ರಕ್ತಸಂಚಾರವು ಮಂದವಾಗಿರುವುದರಿಂದ ಔಷಧವು ಮೆಲ್ಲನೆ ರಕ್ತಗತವಾಗುತ್ತದೆ. ಸೂಜಿಯು ಸ್ನಾಯುವನ್ನು ಹೊಕ್ಕರೆ ಅದೇ ಔಷಧವು ಬೇಗನೆ ಏರಿಬಿಡುವುದು. ಆದುದರಿಂದ ಆಳ, ಪ್ರಮಾಣ, ಶುದ್ಧಿ ಈ ಮೂರನ್ನೂ ಚುಚ್ಚುವವನ ಕೈಚಳಕಕ್ಕೆ ಬಿಡದೆ ಸಾಧನಕ್ಕೇ ವಹಿಸುವುದು ವಿನ್ಯಾಸಕಾರನ ಮೊದಲ ಕರ್ತವ್ಯ.

ಶುದ್ಧಿಯ ಪಾಠವು ಮುಂಬಯಿಗೆ ಬಹು ದುಬಾರಿಯಾಗಿ ಬಂದಿತು. 1896ರಲ್ಲಿ ನಗರವನ್ನು ಪ್ಲೇಗು ಹೊಕ್ಕಾಗ ಬೈಕಲಾದ ಗ್ರಾಂಟ್ ವೈದ್ಯಕೀಯ ಕಾಲೇಜಿನಲ್ಲಿ ಲಸಿಕೆಯನ್ನು ಸಿದ್ಧಪಡಿಸಿದ ವಿಜ್ಞಾನಿ ವಾಲ್ಡೆಮಾರ್ ಹಾಫ್‌ಕಿನ್, 1897ರ ಜನವರಿ 10ರಂದು ಅದನ್ನು ಮೊದಲು ತಮ್ಮ ಮೈಗೇ ಚುಚ್ಚಿಸಿಕೊಂಡರು. 1899ರಲ್ಲಿ ಅವರ ಪ್ರಯೋಗಶಾಲೆಯು ಪರೇಲಿನ ಹಳೆಯ ಗವರ್ನರ್ ಬಂಗಲೆಗೆ ಬಂದಿತು. ಅಲ್ಲಿಂದ ಹೋದ ಲಸಿಕೆಯ ಬಾಟಲಿಯೊಂದನ್ನು 1902ರಲ್ಲಿ ಪಂಜಾಬಿನ ಮುಲ್ಕೋವಾಲಿನಲ್ಲಿ ತೆರೆಯುವಾಗ ಬಿರಡೆ ಕೀಳುವ ಚಿಮಟವು ನೆಲಕ್ಕೆ ಬಿದ್ದು, ಸರಿಯಾಗಿ ಶುದ್ಧಿಗೊಳ್ಳದೆಯೇ ಮತ್ತೆ ಬಳಕೆಗೆ ಬಂದಿತು. ಆ ಒಂದೇ ಬಾಟಲಿಯಿಂದ ಚುಚ್ಚಿಸಿಕೊಂಡ 19 ಮಂದಿ ಧನುರ್ವಾತದಿಂದ ಮಡಿದರು. ಈ ಸಾವುಗಳಿಗಾಗಿ ಹಾಫ್‌ಕಿನ್ನರು ಹೊತ್ತ ಅಪವಾದವು 1907ರವರೆಗೆ ತೊಲಗಲಿಲ್ಲವೆಂಬುದು ಖೇದಕರ. ಒಬ್ಬನಿಗೆ ಒಂದೇ ಪ್ರಮಾಣವನ್ನು ತುಂಬಿ ಮುಚ್ಚಿ ಬರುವ ಇಂದಿನ ಸಿರಿಂಜಿನಲ್ಲಿ ಬಿರಡೆಗೂ ಚಿಮಟಕ್ಕೂ ಎಡೆಯೇ ಇಲ್ಲ.

ಪ್ರಮಾಣದ ತೊಡಕು ಇನ್ಸುಲಿನ್ನಿನಲ್ಲಿ ಎದ್ದು ಕಾಣುತ್ತದೆ. ನಮ್ಮ ದೇಶದಲ್ಲಿ ಮಿಲಿಲೀಟರಿಗೆ 40 ಯೂನಿಟ್ಟಿನ ಸೀಸೆಯೂ 100 ಯೂನಿಟ್ಟಿನದೂ ಜೊತೆಯಲ್ಲಿಯೇ ಮಾರಾಟವಾಗುತ್ತವೆ. ಮೊದಲನೆಯದರ ಸಿರಿಂಜಿಗೆ ಕೆಂಪು ಮುಚ್ಚಳ, ಎರಡನೆಯದಕ್ಕೆ ಕಿತ್ತಳೆ ಬಣ್ಣದ್ದು. 40ರ ಸೀಸೆಯಿಂದ ಕಿತ್ತಳೆ ಮುಚ್ಚಳದ ಸಿರಿಂಜಿನಲ್ಲಿ 10ರ ಗೆರೆಯವರೆಗೆ ಎಳೆದವನಿಗೆ ದೊರೆಯುವುದು ಕೇವಲ 4 ಯೂನಿಟ್. ಇದರ ವಿಪರ್ಯಯದಲ್ಲಿ ಎರಡೂವರೆ ಪಟ್ಟು ಹೆಚ್ಚು ಒಳಹೋಗಿ ಪ್ರಾಣಾಪಾಯವೇ ಒದಗಬಹುದು. 1985ರಲ್ಲಿ ಡೆನ್ಮಾರ್ಕಿನಿಂದ ಬಂದ ನೊವೊಪೆನ್ ಎಂಬ ಇನ್ಸುಲಿನ್ ಪೆನ್ನು ಸೀಸೆಯಿಂದ ಎಳೆಯುವ ಕೆಲಸವನ್ನೇ ತೊಡೆದುಹಾಕಿತು. ಈಗಿನ ಪೆನ್ನಿನಲ್ಲಿ ತಿರುಗುಗುಂಡಿಯು ಯೂನಿಟ್ಟಿಗೊಂದು ಸದ್ದು ಮಾಡುವುದರಿಂದ ದೃಷ್ಟಿ ಮಂದವಾದವರಿಗೂ ಎಣಿಕೆಗೆ ನೆರವಾಗುತ್ತದೆ. ಚರ್ಮದ ದಪ್ಪವು ಸುಮಾರು 2 ಮಿಲಿಮೀಟರಿನಷ್ಟೇ ಆದುದರಿಂದ 4 ಮಿಲಿಮೀಟರಿನ ಸೂಜಿಯನ್ನು ನೆಟ್ಟಗೆ ಚುಚ್ಚಿ, ಗುಂಡಿಯೊತ್ತಿ, ಹತ್ತು ಎಣಿಸಿ ತೆಗೆದರೆ ಸಾಕು. ಮುಂಜಾನೆಯೇ ಲೋಕಲ್ ಹಿಡಿದು ಹೋಗಿ, ಮಧ್ಯಾಹ್ನ ಕಚೇರಿಯಲ್ಲಿ ಊಟದ ಡಬ್ಬಿ ಬಿಚ್ಚುವ ಮೊದಲು ಚುಚ್ಚಿಕೊಳ್ಳಬೇಕಾದ ಡೊಂಬಿವಲಿಯ ಗುಮಾಸ್ತನಿಗೆ ಇದೇನೂ ಸಣ್ಣ ಉಪಕಾರವಲ್ಲ. ಆದರೆ ಒಂದೇ ಜಾಗದಲ್ಲಿ ಪದೇಪದೇ ಚುಚ್ಚಿದರೆ ಕೊಬ್ಬು ಗಡ್ಡೆಗಟ್ಟಿ ಔಷಧದ ಹೀರಿಕೆ ಏರುಪೇರಾಗುವುದನ್ನು ಪೆನ್ನೂ ತಡೆಯಲಾರದು.

ಸೂಜಿಯನ್ನೇ ಬಿಡುವ ಯತ್ನವು ಮುಂಬಯಿಯ ಪೊವಾಯಿಯ ಐಐಟಿಯಲ್ಲಿ ನಡೆದಿದೆ. ವೈಮಾಂತರಿಕ್ಷ ವಿಭಾಗದ ವಿರೇನ್ ಮೆನೆಜಿಸ್ ಅವರ ತಂಡವು ರೂಪಿಸಿದ, ಬಾಲ್‌ಪೆನ್ನಿಗಿಂತ ತುಸು ಉದ್ದನೆಯ ಆಘಾತತರಂಗದ ಸಿರಿಂಜಿನಲ್ಲಿ, ಒತ್ತಡದ ನೈಟ್ರೋಜನ್ ಅನಿಲವು ಎಬ್ಬಿಸಿದ ತರಂಗವು ಔಷಧವನ್ನು 125 ಮೈಕ್ರಾನಿನ ರಂಧ್ರದಿಂದ ಧಾರೆಯಾಗಿ ಚಿಮ್ಮಿಸುತ್ತದೆ. ಇಲಿಗಳ ಮೇಲಿನ ಪರೀಕ್ಷೆಯಲ್ಲಿ ಇನ್ಸುಲಿನ್ನನ್ನೂ ಅರಿವಳಿಕೆಯನ್ನೂ ಹೀಗೆಯೇ ಕೊಡಲಾಯಿತು. ಫಲಿತಾಂಶವು ಸುದ್ದಿಯಾಯಿತು. ಸೂಜಿಗಂಜುವ ಮಕ್ಕಳಿಗೆ ಇದು ದೊಡ್ಡ ಆಸರೆಯಾಗಬಲ್ಲುದಾದರೂ, ಮನುಷ್ಯರ ಬಳಕೆಗೆ ಬರಲು ಮುಂದಿನ ಪರೀಕ್ಷೆಗಳೂ ಸರಕಾರದ ಅನುಮತಿಯೂ ಬೇಕು. ಮೇಲಾಗಿ ಬದಲಾಯಿಸಬೇಕಾದ ಅದರ ಮೂತಿಯ ಬೆಲೆಯು ಮಹಾನಗರಪಾಲಿಕೆಯ ದವಾಖಾನೆಗೆ ಎಟುಕುವಂತಿರಬೇಕು.