ಸತ್ತವರ ಹೆಸರಲ್ಲಿ ಕೂಲಿ

ಪಂಚಾಯಿತಿಯಲ್ಲಿ ಬಿಲ್ಲು ಕೇಳಿದರೆ “ಅದೆಲ್ಲಾ ನಿಮಗ್ಯಾಕೆ?” ಅನ್ನೋ ಮಾತನ್ನು ನಾವೂ ಕೇಳಿಸಿಕೊಂಡಿದ್ದೇವೆ. ರಾಜಸ್ಥಾನದ ಕೂಲಿಕಾರರು ಇದನ್ನು 30 ವರ್ಷದ ಹಿಂದೆಯೇ ಕೇಳಿಸಿಕೊಂಡಿದ್ದರು.

ಬರಗಾಲದ ಕಾಮಗಾರಿಯಲ್ಲಿ ದುಡಿದರೂ ಅವರಿಗೆ ಪೂರ್ತಿ ಕೂಲಿ ಸಿಗುತ್ತಿರಲಿಲ್ಲ. ಹಾಜರಿ ಪಟ್ಟಿ ತೋರಿಸಿ ಎಂದರೆ, ಅದು ಸರ್ಕಾರದ ಗುಟ್ಟು ಎಂಬ ಉತ್ತರ. 1990ರಲ್ಲಿ ಅವರು ಮಜ್ದೂರ್ ಕಿಸಾನ್ ಶಕ್ತಿ ಸಂಘಟನೆ ಕಟ್ಟಿದರು. 1994ರ ಡಿಸೆಂಬರ್ 2ರಂದು ಪಾಲಿ ಜಿಲ್ಲೆಯ ಕೋಟ್ ಕಿರಾನಾದಲ್ಲಿ ಊರವರೆದುರು ಲೆಕ್ಕ ಓದಿಸಿದರು. ಕೆಲಸಕ್ಕೇ ಹೋಗದವರ ಹೆಸರಲ್ಲಿ ಕೂಲಿ! ಸತ್ತವರ ಹೆಸರಲ್ಲೂ ಕೂಲಿ!

ಕಚೇರಿಯ ಕಪಾಟಿನಲ್ಲಿ ಆ ಪಟ್ಟಿ ಸರಿಯಾಗಿಯೇ ಕಾಣುತ್ತಿತ್ತು. ಸತ್ತವರು ಯಾರು ಅಂತ ಗೊತ್ತಿದ್ದದ್ದು ಊರಿಗೆ ಮಾತ್ರ.

1996ರಲ್ಲಿ ಬ್ಯಾವರ್ ಪಟ್ಟಣದಲ್ಲಿ 40 ದಿನ ಧರಣಿ ಕೂತರು. “ನಮ್ಮ ದುಡ್ಡು, ನಮ್ಮ ಲೆಕ್ಕ” ಎಂದರು. ಆ ಹೋರಾಟ ದೇಶವೆಲ್ಲಾ ಹಬ್ಬಿ, 2005ರಲ್ಲಿ ಮಾಹಿತಿ ಹಕ್ಕು ಕಾಯ್ದೆ ಬಂತು. ಅರ್ಜಿ ಕೊಟ್ಟರೆ 30 ದಿನದೊಳಗೆ ಉತ್ತರ ಕೊಡಲೇಬೇಕು.

ನಮ್ಮ ರಾಜ್ಯದ ಪಂಚಾಯಿತಿಗಳಲ್ಲಿ ವರ್ಷಕ್ಕೊಮ್ಮೆ ಜಮಾಬಂದಿಯೂ ಇದೆ. ಅಲ್ಲಿ ಬರೀ ಸಹಿ ಹಾಕಿ ಬರುವುದು ಬೇಡ. ಹಾಜರಿ ಪಟ್ಟಿ, ಬಿಲ್ಲು ಎರಡನ್ನೂ ಗಟ್ಟಿಯಾಗಿ ಓದಿಸೋಣ. ಊರಿಗೆ ಕೇಳಿಸಿದರೆ ಸುಳ್ಳು ತಾನಾಗಿಯೇ ಸಿಕ್ಕಿಬೀಳುತ್ತದೆ.